ಮತ ಎಣಿಸಲು ಚೆನ್ನಾಗಿ ಕಲಿಸಿದರು, ಕರಡು ಬರೆಯಲು ಸಮಯ ಕೊಡಲಿಲ್ಲ: ಬದಿಯಡ್ಕದ ಮಾದರಿ ವಿಶ್ವಸಂಸ್ಥೆ ತರಬೇತಿ ಶಿಬಿರ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಹೈಸ್ಕೂಲ್ ಮತ್ತು ಪ್ಲಸ್ ಟು ವಿದ್ಯಾರ್ಥಿಗಳಿಗಾಗಿ ಬದಿಯಡ್ಕದಲ್ಲಿ ವಾರಾಂತ್ಯದಲ್ಲಿ ನಡೆದ ಮಾದರಿ ವಿಶ್ವಸಂಸ್ಥೆ, ಅಂದರೆ ಎಂಯುಎನ್, ತರಬೇತಿ ಶಿಬಿರಕ್ಕೆ ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ದು, ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ನೋಡಿದ ಅಧ್ಯಾಪಕಿಯಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಕುಳಿತು ವಿಶ್ವಸಂಸ್ಥೆಯ ಸಭೆಯಂತೆಯೇ ಚರ್ಚಿಸಿ ಮತ ಹಾಕುವ ಅಭ್ಯಾಸವೇ ಎಂಯುಎನ್. ತಲಾ ಐನೂರು ರೂಪಾಯಿ ಶುಲ್ಕದಲ್ಲಿ ಮಧ್ಯಾಹ್ನದ ಊಟವೂ ನಿಯಮಗಳ ಕೈಪಿಡಿಯೂ ಸೇರಿದ್ದವು. ಸಭಾಂಗಣ, ಊಟ, ಸಮಯಪಾಲನೆ ಯಾವುದರಲ್ಲೂ ದೂರಲು ಏನಿಲ್ಲ. ನನ್ನ ಮಾತೆಲ್ಲ ಚರ್ಚೆಯ ನಿಯಮಗಳನ್ನು ಅವರು ಹೇಗೆ ಕಲಿಸಿದರು ಎಂಬುದರ ಬಗ್ಗೆ.

ಶಿಬಿರದ ಅತ್ಯುತ್ತಮ ಭಾಗ ಮತದಾನದ ಪಾಠ. ತರಬೇತುದಾರರು ಒಂದೇ ಕರಡು ನಿರ್ಣಯವನ್ನು ಎರಡು ಸಭೆಗಳಲ್ಲಿ ಮತಕ್ಕೆ ಹಾಕಿಸಿದರು. ಮೊದಲು ಇಪ್ಪತ್ತು ಮಕ್ಕಳ ಮಹಾಸಭೆ: ಪರವಾಗಿ 8, ವಿರುದ್ಧ 7, ತಟಸ್ಥ 5. ಇಪ್ಪತ್ತರಲ್ಲಿ ಎಂಟು ಅರ್ಧಕ್ಕಿಂತ ಕಡಿಮೆಯಾದ್ದರಿಂದ ನಿರ್ಣಯ ಬಿದ್ದಿತು ಎಂದು ಮಕ್ಕಳು ಕೂಗಿದರು. ಆದರೆ ಮಹಾಸಭೆಯ ನಿಯಮದಲ್ಲಿ ಲೆಕ್ಕಕ್ಕೆ ಬರುವುದು ಪರ ಅಥವಾ ವಿರುದ್ಧ ಮತ ಹಾಕಿದವರು ಮಾತ್ರ. ತಟಸ್ಥರು ಮತ ಹಾಕಿದವರೇ ಅಲ್ಲ. ಆದ್ದರಿಂದ ಹದಿನೈದರಲ್ಲಿ ಎಂಟು ಮತ ಪಡೆದ ನಿರ್ಣಯ ಅಂಗೀಕಾರವಾಯಿತು. ಅದೇ ವಿಷಯ ಶಾಂತಿ ಮತ್ತು ಭದ್ರತೆಗೆ ಸಂಬಂಧಿಸಿದ ಶಿಫಾರಸಾಗಿದ್ದರೆ ವಿಶ್ವಸಂಸ್ಥೆಯ ಮೂಲ ಒಪ್ಪಂದವಾದ ಸನ್ನದಿನ 18ನೇ ವಿಧಿಯಂತೆ ಮೂರರಲ್ಲಿ ಎರಡು ಪಾಲು, ಅಂದರೆ 10 ಮತ ಬೇಕಾಗುತ್ತಿತ್ತು. ಬಳಿಕ ಹದಿನೈದು ಮಕ್ಕಳನ್ನು ಭದ್ರತಾ ಮಂಡಳಿಯಾಗಿ ಕೂರಿಸಿದರು. ಪರವಾಗಿ 8, ವಿರುದ್ಧ ಯಾರೂ ಇಲ್ಲ, ತಟಸ್ಥ 7. ಇಲ್ಲಿ ಅದು ಬಿದ್ದೇಹೋಯಿತು, ಏಕೆಂದರೆ 27ನೇ ವಿಧಿ ಕೇಳುವುದು ಪರವಾದ 9 ಮತಗಳನ್ನು. ಎಷ್ಟು ಜನ ತಟಸ್ಥರಾದರೂ ಆ ಒಂಬತ್ತು ಇಳಿಯುವುದಿಲ್ಲ.

ಕಾಯಂ ಸದಸ್ಯ ರಾಷ್ಟ್ರ ತಟಸ್ಥವಾಗಿ ಉಳಿದರೆ ಅದು ವೀಟೋ, ಅಂದರೆ ನಿರ್ಣಯವನ್ನೇ ತಡೆಯುವ ಮತ, ಆಗುವುದೇ ಎಂದು ನಮ್ಮ ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಾಗ, ತರಬೇತುದಾರರು ಬಾಯಿಮಾತಿನಲ್ಲಿ ಮುಗಿಸದೆ 2011ರ ಮಾರ್ಚ್‌ನಲ್ಲಿ ಲಿಬಿಯಾ ಕುರಿತ ಭದ್ರತಾ ಮಂಡಳಿಯ 1973ನೇ ಸಂಖ್ಯೆಯ ನಿರ್ಣಯದ ಮತಪಟ್ಟಿಯನ್ನು ಹಲಗೆಯ ಮೇಲೆ ಬರೆದರು. ಪರವಾಗಿ 10, ತಟಸ್ಥ 5. ಆ ಐದರಲ್ಲಿ ಕಾಯಂ ಸದಸ್ಯರಾದ ರಷ್ಯಾ ಮತ್ತು ಚೀನಾ ಇದ್ದವು. ಜರ್ಮನಿ, ಬ್ರೆಜಿಲ್‌ಗಳ ಜೊತೆ ನಮ್ಮ ಭಾರತವೂ ಇತ್ತು. ನಿರ್ಣಯ ಅಂಗೀಕಾರವಾಯಿತು. ತಟಸ್ಥರಾಗುವುದು ವೀಟೋ ಅಲ್ಲ ಎಂಬುದು ಅದರಿಂದಲೇ ಗೊತ್ತಾಯಿತು. ಇಷ್ಟು ಸ್ಪಷ್ಟವಾಗಿ ಈ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ, ಮತ್ತು ಶುಲ್ಕಕ್ಕೆ ಇದೊಂದೇ ಸಾಕಿತ್ತು ಎಂದು ಮನಸಾರೆ ಹೇಳುತ್ತೇನೆ.

ಹಾಜರಿ ಕರೆಯುವಾಗ ‘ಹಾಜರು ಮತ್ತು ಮತ ಹಾಕುವೆ’ ಎಂದವರು ನಿರ್ಣಯದ ಮೇಲೆ ತಟಸ್ಥರಾಗುವಂತಿಲ್ಲ, ಕಲಾಪದ ಪ್ರಸ್ತಾವಗಳ ಮೇಲೆ ಯಾರೂ ತಟಸ್ಥರಾಗುವಂತಿಲ್ಲ ಎಂಬಂಥ ಎಂಯುಎನ್ ಪದ್ಧತಿಗಳನ್ನೂ ಚೆನ್ನಾಗಿ ರೂಢಿ ಮಾಡಿಸಿದರು. ತನಗೆ ಸಿಕ್ಕ ದೇಶದ ಪರವಾಗಿಯೇ ಮಾತಾಡಬೇಕು, ಸ್ವಂತ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ನಮ್ಮ ಮಕ್ಕಳಿಗೆ ಬೇಗನೆ ಹೊಳೆಯಿತು. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೊಟ್ಟ ನಾಡು; ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ, ಹಾಡುವ ಭಾಗವತರ ಪದದ ಚೌಕಟ್ಟಿನೊಳಗೆ ನಿಂತು ಪಾತ್ರದ ಪಕ್ಷ ವಹಿಸುವುದನ್ನು ಕೇಳಿ ಬೆಳೆದವರಿಗೆ, ಬ್ರೆಜಿಲ್ ಆಗಿಯೋ ಈಜಿಪ್ಟ್ ಆಗಿಯೋ ವಾದಿಸುವುದು ಕಷ್ಟವೆನಿಸಲಿಲ್ಲ.

ಇನ್ನು ಕೊರತೆಗಳು. ಪಾಯಿಂಟ್ ಆಫ್ ಆರ್ಡರ್ ಅಥವಾ ಕ್ರಿಯಾಲೋಪ ಎತ್ತುವುದು ನಿಯಮ ಮುರಿದಾಗ ಮಾತ್ರ. ಎತ್ತಿದವರು ಚರ್ಚೆಯ ವಿಷಯದ ಬಗ್ಗೆ ಒಂದು ಮಾತನ್ನೂ ಆಡುವಂತಿಲ್ಲ, ಅಧ್ಯಕ್ಷರು ಕೂಡಲೇ ತೀರ್ಪು ಕೊಡಬೇಕು. ವಿಶ್ವಸಂಸ್ಥೆಯ ಮಹಾಸಭೆಯಲ್ಲೂ ಇದೇ ನಿಯಮ. ಶಿಬಿರದಲ್ಲಿ ಧ್ವನಿ ಜೋರಾಗಿದ್ದ ಕೆಲವರು ಎದುರಾಳಿಯ ವಾದಕ್ಕೆ ಉತ್ತರ ಕೊಡಲು ಇದನ್ನೇ ಬಳಸಿದರು, ಅಧ್ಯಕ್ಷ ಸ್ಥಾನದಲ್ಲಿದ್ದವರು ತಡೆಯಲಿಲ್ಲ. ಭಾಷಣಕಾರರ ಪಟ್ಟಿಯಲ್ಲಿ ತಾಳ್ಮೆಯಿಂದ ಕಾದ ಮಗುವಿನ ಸಮಯವೇ ಅದರಿಂದ ಕರಗುತ್ತದೆ, ಮತ್ತು ನಿಯಮ ಇರುವುದು ಅಂಥ ಮಗುವಿನ ರಕ್ಷಣೆಗೆ.

ಮಾಡರೇಟೆಡ್ ಕಾಕಸ್ (ಅಧ್ಯಕ್ಷರು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವ ಚರ್ಚೆ), ಅನ್‌ಮಾಡರೇಟೆಡ್ ಕಾಕಸ್ (ಎದ್ದು ಓಡಾಡಿ ಮುಕ್ತವಾಗಿ ಮಾತಾಡುವ ಹೊತ್ತು), ಉಳಿದ ಸಮಯವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಇವೆಲ್ಲ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲೂ ಹೀಗೇ ನಡೆಯುತ್ತವೆ ಎಂದು ಹೇಳಿದ್ದು ತಪ್ಪು. ಅವು ವಿದ್ಯಾರ್ಥಿ ಸಮ್ಮೇಳನಗಳು ಬೆಳೆಸಿಕೊಂಡ ಪದ್ಧತಿಗಳು. ಮಹಾಸಭೆಯ ಕಾರ್ಯವಿಧಾನ ನಿಯಮಗಳಲ್ಲಿ ಅವಿಲ್ಲ. ಅಲ್ಲಿ ಸಭಾಂಗಣದ ಹೊರಗಿನ ಅನೌಪಚಾರಿಕ ಸಮಾಲೋಚನೆಯಲ್ಲಿ ಪಠ್ಯ ಮಾಗುತ್ತದೆ, ಬಹಳಷ್ಟು ನಿರ್ಣಯಗಳು ಮತದಾನವೇ ಇಲ್ಲದೆ ಒಮ್ಮತದಿಂದ ಅಂಗೀಕಾರವಾಗುತ್ತವೆ. ಸಮ್ಮೇಳನದಿಂದ ಸಮ್ಮೇಳನಕ್ಕೂ ನಿಯಮ ಬದಲಾಗುತ್ತದೆ ಎಂಬ ಎಚ್ಚರಿಕೆಯನ್ನು ಕೈಪಿಡಿಯ ಮೊದಲ ಪುಟದಲ್ಲೇ ಅಚ್ಚು ಹಾಕಬೇಕಿತ್ತು.

ನನ್ನನ್ನು ಹೆಚ್ಚು ಬೇಸರಗೊಳಿಸಿದ್ದು ಕರಡು ನಿರ್ಣಯಕ್ಕೆ ಸಿಕ್ಕ ಸಮಯ. ಭಾಷಣಕ್ಕೆ ಮುಕ್ಕಾಲು ಪಾಲು ಹೊತ್ತು ಹೋಯಿತು, ಬರವಣಿಗೆಗೆ ಕೊನೆಯ ದಿನದ ಸಂಜೆಯ ಒಂದು ಅವಧಿ ಮಾತ್ರ ಉಳಿಯಿತು. ಹಿನ್ನೆಲೆ ಹೇಳುವ ಪೀಠಿಕೆಯ ಕಲಂಗಳು ಅಲ್ಪವಿರಾಮದಿಂದ, ಏನು ಮಾಡಬೇಕೆಂದು ಹೇಳುವ ಕಾರ್ಯಕಾರಿ ಕಲಂಗಳು ಅರ್ಧವಿರಾಮದಿಂದ ಮುಗಿದು, ಇಡೀ ನಿರ್ಣಯ ಒಂದೇ ವಾಕ್ಯವಾಗಿ ಕೊನೆಯಲ್ಲಿ ಮಾತ್ರ ಪೂರ್ಣವಿರಾಮ ಪಡೆಯುತ್ತದೆ ಎಂಬ ರಚನೆಯನ್ನು ಹಲಗೆಯ ಮೇಲೆ ತೋರಿಸಿದ್ದಷ್ಟೇ. ಕರಡಿನ ಮೇಲೆ ಸಹಿ ಹಾಕಿದವರು ಅದರ ಬೆಂಬಲಿಗರೇ ಆಗಬೇಕಿಲ್ಲ, ಅದು ಚರ್ಚೆಗೆ ಬರಲಿ ಎಂದು ಬಯಸುವವರು ಎಂಬುದನ್ನೂ, ಪ್ರಾಯೋಜಕರೆಲ್ಲ, ಅಂದರೆ ಕರಡನ್ನು ಬರೆದು ಮಂಡಿಸಿದವರೆಲ್ಲ, ಒಪ್ಪಿದ ತಿದ್ದುಪಡಿ ಮತವಿಲ್ಲದೆ ಸೇರುತ್ತದೆ, ಒಪ್ಪದಿದ್ದರೆ ಮತಕ್ಕೆ ಹೋಗುತ್ತದೆ ಎಂಬುದನ್ನೂ ಮಕ್ಕಳು ಕೈಪಿಡಿ ಓದಿ ತಾವೇ ತಿಳಿಯಬೇಕಾಯಿತು. ಕುಡಿಯುವ ನೀರಿನ ಬಗ್ಗೆ ಒಂದು ಗುಂಪು ಬರೆದ ಮಹಾಸಭೆಯ ಕರಡಿನಲ್ಲಿ ‘ಎಲ್ಲ ರಾಷ್ಟ್ರಗಳಿಗೆ ಆದೇಶಿಸುತ್ತದೆ’ ಎಂಬ ಮಾತಿತ್ತು, ಯಾರೂ ತಿದ್ದಲಿಲ್ಲ. ಬಜೆಟ್‌ನಂಥ ಆಂತರಿಕ ವಿಷಯ ಬಿಟ್ಟರೆ ಮಹಾಸಭೆ ಶಿಫಾರಸು ಮಾಡಬಹುದು, ಆಜ್ಞೆ ಕೊಡಲಾರದು. ಸದಸ್ಯರನ್ನು ಕಟ್ಟಿಹಾಕುವ ತೀರ್ಮಾನಗಳ ಅಧಿಕಾರ ಸನ್ನದಿನ 25ನೇ ವಿಧಿಯಂತೆ ಭದ್ರತಾ ಮಂಡಳಿಯದ್ದು. ಮತದ ಎಣಿಕೆಯನ್ನು ಅಷ್ಟು ಸೊಗಸಾಗಿ ವಿವರಿಸಿದವರು ಈ ವ್ಯತ್ಯಾಸಕ್ಕೆ ಹತ್ತು ನಿಮಿಷ ಕೊಡಬಹುದಿತ್ತು. ಬಹುಮಾನವೂ ಹೆಚ್ಚು ಬಾರಿ ಎದ್ದು ಮಾತಾಡಿದವರಿಗೇ ಹೋಯಿತು. ಎರಡು ಗುಂಪುಗಳ ಕರಡುಗಳನ್ನು ಸೇರಿಸಿ ಒಂದು ಮಾಡಿದ ಪೆರ್ಲ ಕಡೆಯ ಹುಡುಗನನ್ನು ವೇದಿಕೆಯಲ್ಲಿ ಯಾರೂ ಹೆಸರಿಸಲಿಲ್ಲ.

ಮಂಗಳೂರಿನ ಸಮ್ಮೇಳನಗಳಿಗೆ ಹೋಗುವ ಆಸೆಯಿರುವ ಪ್ಲಸ್ ವನ್ ಮಕ್ಕಳನ್ನು ಈ ಶಿಬಿರಕ್ಕೆ ಧೈರ್ಯವಾಗಿ ಕಳುಹಿಸಬಹುದು. ಎಂಟನೆಯ ತರಗತಿಯವರಿಗೆ ಕೈಪಿಡಿಯ ಇಂಗ್ಲಿಷ್ ಭಾರವಾಗುತ್ತದೆ. ವಾರ ಮೊದಲೇ ಅದನ್ನು ತರಿಸಿಕೊಂಡು ಶಾಲೆಯಲ್ಲಿ ಕನ್ನಡದಲ್ಲಿ ವಿವರಿಸಿ ಕರೆದೊಯ್ಯುವುದು ಒಳ್ಳೆಯದು. ಹೆಸರು ನೋಂದಾಯಿಸುವಾಗ ಕರಡು ಬರೆಯಲು ಎಷ್ಟು ಅವಧಿಗಳಿವೆ ಎಂದು ಅಧ್ಯಾಪಕರು ಕೇಳಲೇಬೇಕು. ಸಂಘಟಕರಿಗೂ ಇದನ್ನು ಬರೆದು ಕೊಟ್ಟಿದ್ದೇನೆ. ಮುಂದಿನ ಶಿಬಿರದಲ್ಲಿ ಮೊದಲ ದಿನದ ಮಧ್ಯಾಹ್ನವನ್ನು ಪೂರ್ತಿಯಾಗಿ ಕರಡು ಬರೆಯಲು ಮೀಸಲಿಡುವುದಾಗಿ ಒಪ್ಪಿದ್ದಾರೆ.