ಕೇಜ್ಡ್ ಗ್ಲುಟಮೇಟೋ, ಚಾನೆಲ್‌ರೊಡಾಪ್ಸಿನ್ನೋ?

ನರಕೋಶವನ್ನು ಬೆಳಕಿನಿಂದ ಎಬ್ಬಿಸಲು ಇವು ಎರಡು ದಾರಿ. ಇಲಿಯ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಸ್ಲೈಸ್‌ಗಳ, ಅಂದರೆ ತೆಳು ಹೋಳುಗಳ, ಮೇಲೆ ಎರಡನ್ನೂ ಬಳಸಿದ್ದೇನೆ. ಎರಡರಲ್ಲೂ ಬೆಳಕು ಬಿಟ್ಟರೆ ನರಕೋಶ ಸ್ಪೈಕ್, ಅಂದರೆ ವಿದ್ಯುತ್ ಮಿಡಿತ, ಕೊಡುತ್ತದೆ. ಹೋಲಿಕೆ ಅಲ್ಲಿಗೇ ಮುಗಿಯಿತು.

ಮೊದಲು ಕಲಿತದ್ದು ಎಂಎನ್‌ಐ-ಗ್ಲುಟಮೇಟ್ ಎಂಬ ಕೇಜ್ಡ್ ಗ್ಲುಟಮೇಟ್. ನರಕೋಶವನ್ನು ಎಬ್ಬಿಸುವ ಗ್ಲುಟಮೇಟ್‌ಗೆ ಒಂದು ರಾಸಾಯನಿಕ ಬೀಗ ಹಾಕಿರುತ್ತಾರೆ, ಬೆಳಕು ಬಿದ್ದರೆ ಬೀಗ ಕಳಚುತ್ತದೆ. ವೈರಸ್ ಬೇಡ, ಜೀನ್ ಬೇಡ. ಸ್ಲೈಸ್ ಮುಳುಗಿರುವ ದ್ರಾವಣಕ್ಕೆ ಬೆರೆಸಿದರೆ ಅವತ್ತೇ ಪ್ರಯೋಗ. 720 ನ್ಯಾನೊಮೀಟರ್‌ನ ಟೂ-ಫೋಟಾನ್ ಲೇಸರ್ ಇದ್ದರೆ ಡೆಂಡ್ರೈಟ್ (ಕೋಶದ ಸಂದೇಶ ಪಡೆಯುವ ಕೊಂಬೆ) ಮೇಲಿನ ಒಂದೇ ಒಂದು ಸ್ಪೈನ್ ಅನ್ನು, ಅಂದರೆ ಸುಮಾರು ಒಂದು ಮೈಕ್ರಾನ್‌ನ ಮೊಗ್ಗನ್ನು, ಎಬ್ಬಿಸಬಹುದು. ಜಪಾನಿನಲ್ಲಿ ಮತ್ಸುಜಾಕಿ ಮತ್ತು ಕಸಾಯ್ ಅವರ ತಂಡ 2001ರಲ್ಲೇ ಇದನ್ನು ಮಾಡಿ ತೋರಿಸಿತ್ತು.

ಆದರೆ ಇದು ನನ್ನನ್ನು ಚೆನ್ನಾಗಿ ಸತಾಯಿಸಿದೆ. ಒಮ್ಮೆ ಸ್ಲೈಸ್‌ಗಳೆಲ್ಲ ಫಿಟ್ಸ್ ಬಂದ ಹಾಗೆ ಸ್ಪೈಕ್ ಮೇಲೆ ಸ್ಪೈಕ್ ಕೊಡತೊಡಗಿದವು. ದ್ರಾವಣ ಕೆಟ್ಟಿದೆ ಅಂತ ಎರಡು ವಾರ ಅದನ್ನೇ ಮತ್ತೆ ಮತ್ತೆ ತಯಾರಿಸಿದೆ. ಆಮೇಲೆ ಗೊತ್ತಾಯಿತು: ಬೀಗ ಹಾಕಿದ ಅಣುವೇ, ಜಾಸ್ತಿ ಸುರಿದರೆ, ಕೋಶಗಳನ್ನು ತಣಿಸುವ ಗಾಬಾ-ಎ ಗ್ರಾಹಕಗಳನ್ನು (ಕೋಶದ ಮೇಲೆ ರಾಸಾಯನಿಕ ಸಂದೇಶ ಹಿಡಿಯುವ ಪ್ರೋಟೀನ್‌ಗಳನ್ನು) ತಡೆಯುತ್ತದೆ. ನಾನು ಸುಮ್ನೆ ಧಾರಾಳವಾಗಿ ಸುರಿದಿದ್ದೆ!

ಚಾನೆಲ್‌ರೊಡಾಪ್ಸಿನ್-2 ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯ ಪ್ರೋಟೀನ್, ಬೆಳಕು ಬಿದ್ದರೆ ತೆರೆದು ಕರೆಂಟ್ ಬಿಡುವ ಬಾಗಿಲು. ಅದನ್ನು ನರಕೋಶದಲ್ಲಿ ಬಳಸುವ ದಾರಿಯನ್ನು ಬಾಯ್ಡನ್, ಡೈಸರಾತ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಇದಕ್ಕೆ ತಾಳ್ಮೆ ಬೇಕು. ಅದರ ಜೀನ್ ಹೊತ್ತ ವೈರಸ್ ಚುಚ್ಚಿ ಮೂರು ವಾರ ಕಾಯಬೇಕು. ಚುಚ್ಚಿದ ಜಾಗ ಸ್ವಲ್ಪ ತಪ್ಪಿದ್ದರೆ ಆ ಮೂರು ವಾರ ಗೋವಿಂದ. ಸರಿಯಾಗಿ ಬಿದ್ದಿದ್ದರೆ ಮಾತ್ರ ಸಾಮಾನ್ಯ 470 ನ್ಯಾನೊಮೀಟರ್ ನೀಲಿ ಎಲ್‌ಇಡಿ ಸಾಕು. ಬೇಕಾದ ಜಾತಿಯ ಕೋಶಗಳು ಮಾತ್ರ ಸ್ಪೈಕ್ ಕೊಡುತ್ತವೆ, ಓಡಾಡುವ ಇಲಿಯಲ್ಲೂ ಕೂಡ. ಗ್ಲುಟಮೇಟ್‌ಗೆ ಈ ಭೇದ ಗೊತ್ತಿಲ್ಲ, ಗ್ರಾಹಕ ಇರುವ ಯಾವ ಕೋಶವನ್ನಾದರೂ ತಟ್ಟುತ್ತದೆ.

ಪಾಚಿಯ ಪ್ರೋಟೀನ್‌ಗೂ ಹುಳುಕಿದೆ. ಬೆಳಕು ಹಾಗೇ ಇಟ್ಟರೆ ಕರೆಂಟ್ ಮೊದಲು ಜಿಗಿದು ಆಮೇಲೆ ಇಳಿಯುತ್ತದೆ. ಬೇಗ ಬೇಗ ಮಿನುಗಿಸಿದರೆ ಕೋಶ ಕೆಲವು ಸ್ಪೈಕ್ ನುಂಗಿಬಿಡುತ್ತದೆ. ಬೆಳಕು ಆಕ್ಸಾನ್‌ಗೆ (ಕೋಶದ ಸಂದೇಶ ಒಯ್ಯುವ ಎಳೆಗೆ) ತಗುಲಿದರೂ ಸ್ಪೈಕ್ ಹುಟ್ಟುವುದರಿಂದ, ಶುರುವಾಗಿದ್ದು ಎಲ್ಲಿಂದ ಅಂತ ಹೇಳುವುದೂ ಕಷ್ಟ.

ಬೆಳಕಿಗೆ ಆಕಾರ ಬದಲಿಸುವ ಅಣುಗಳಾದ ಅಜೋಬೆಂಜೀನ್ ಸ್ವಿಚ್‌ಗಳು ಮೂರನೆಯ ದಾರಿ. ಬೀಗ ಒಮ್ಮೆ ಕಳಚಿದರೆ ಮುಗಿಯಿತು, ಇವು 380 ನ್ಯಾನೊಮೀಟರ್ ಬೆಳಕಿಗೆ ಒಂದು ಕಡೆ, 500ಕ್ಕೆ ಇನ್ನೊಂದು ಕಡೆ ವಾಲುತ್ತಲೇ ಇರುತ್ತವೆ. ಆಸೆ ಇದೆ, ಕೈಗೆ ಸಿಕ್ಕಿಲ್ಲ.

ಒಂದು ಸರ್ಕಿಟ್ಟಿನಲ್ಲಿ ಯಾರು ಯಾರಿಗೆ ಮಾತಾಡುತ್ತಾರೆ ಅಂತ ಕೇಳುವವರಿಗೆ ಚಾನೆಲ್‌ರೊಡಾಪ್ಸಿನ್ ಅಂತಲೇ ಹೇಳುತ್ತೇನೆ. ನನ್ನ ಪ್ರಶ್ನೆ ಒಂದೇ ಒಂದು ಸ್ಪೈನ್‌ನದು. ಅದಕ್ಕೇ ನಾಳೆಯೂ ಎಂಎನ್‌ಐ-ಗ್ಲುಟಮೇಟ್, ಕೆಂಪು ದೀಪ, ಫಾಯಿಲ್ ಸುತ್ತಿದ ಸೀಸೆ, ಬಾಗಿಲಿಗೆ 'ಲೈಟ್ ಹಾಕಬೇಡಿ' ಚೀಟಿ.