ಫ್ಲ್ಯಾಟ್ ಬುಕಿಂಗ್ ಹಣ ವಾಪಸ್ ಕೇಳುವಾಗ ‘ಪರ್ಸನಲ್ ಕಾರಣ’ ಎಂದು ಬರೆಯಬೇಡಿ

ಬೆಂಗಳೂರಿನಲ್ಲಿ ಪಾಯ ತೋಡುವ ಮೊದಲೇ ಫ್ಲ್ಯಾಟ್ ಬುಕ್ ಮಾಡಿ, ಹೇಳಿದ ದಿನಕ್ಕೆ ಕೈಗೆ ಸಿಗದೆ ಹಣ ವಾಪಸ್ ಕೇಳುವವರಿಗೆ ಬಿಲ್ಡರ್ ಕಚೇರಿಯಿಂದ ಒಂದು ಸಲಹೆ ಬರುತ್ತದೆ: “ಕ್ಯಾನ್ಸಲೇಷನ್ ರಿಕ್ವೆಸ್ಟ್ ಅಂತ ಮೇಲ್ ಹಾಕಿ ಸಾರ್, ಕಾರಣ ಪರ್ಸನಲ್ ಅಂತ ಬರೀರಿ, ಬೇಗ ಪ್ರೋಸೆಸ್ ಆಗುತ್ತೆ.” ದಯವಿಟ್ಟು ಆ ಮೇಲ್ ಹಾಕಬೇಡಿ. ಎಷ್ಟೋ ಜನರ ಲಕ್ಷಗಟ್ಟಲೆ ಹಣ ಆ ಒಂದು ಸಾಲಿನಲ್ಲೇ ಹೋಗಿದೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಹೇಳಿದ ದಿನಾಂಕಕ್ಕೆ ಫ್ಲ್ಯಾಟ್ ಕೊಡದಿದ್ದರೆ ಕಟ್ಟಿದ ಪೂರ್ತಿ ಹಣವನ್ನು ಬಡ್ಡಿ ಸಮೇತ ಕೇಳುವ ಹಕ್ಕು ಖರೀದಿದಾರರದ್ದು. ಕರ್ನಾಟಕದ ನಿಯಮದಲ್ಲಿ ಬಡ್ಡಿ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕ್ ಸಾಲ ಕೊಡುವ ಮೂಲ ಬಡ್ಡಿ ದರ) ಮೇಲೆ ಶೇ 2. ಈ ಹಕ್ಕಿಗೆ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆದರೆ ನೀವಾಗಿಯೇ ಬೇಡವೆಂದರೆ ಲೆಕ್ಕ ಬೇರೆ. 80 ಲಕ್ಷದ ಫ್ಲ್ಯಾಟಿಗೆ 24 ಲಕ್ಷ ಕಟ್ಟಿದ್ದೀರಿ, ಕರಾರಿನಲ್ಲಿ ಬುಕಿಂಗ್ ಮೊತ್ತ ಶೇ 10 ಎಂದಿದೆ ಅಂದುಕೊಳ್ಳಿ. 8 ಲಕ್ಷ ಮುಟ್ಟುಗೋಲು, ಉಳಿದದ್ದಕ್ಕೆ ಬಡ್ಡಿಯಿಲ್ಲ. ಮುಂದೆ ರೇರಾ ಪ್ರಾಧಿಕಾರದ ಮುಂದೆ ಬಿಲ್ಡರ್ ವಕೀಲರು ಮೊದಲು ತೋರಿಸುವ ಕಾಗದವೇ ಆ ಮೇಲ್.

ಪತ್ರದಲ್ಲಿ ನೇರವಾಗಿ ಬರೆಯಿರಿ: “ಕರಾರಿನ ಇಂಥ ಕಲಮಿನಂತೆ ಇಂಥ ದಿನಾಂಕಕ್ಕೆ ಸ್ವಾಧೀನ ಕೊಟ್ಟಿಲ್ಲ. ಆದ್ದರಿಂದ ಸೆಕ್ಷನ್ 18ರಡಿ ಯೋಜನೆಯಿಂದ ಹಿಂದೆ ಸರಿಯುತ್ತಿದ್ದೇನೆ. ಕಟ್ಟಿದ ಪೂರ್ತಿ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಿ.” ಮೇಲ್ ಜೊತೆಗೆ ಕಂಪನಿಯ ನೋಂದಾಯಿತ ವಿಳಾಸಕ್ಕೆ ಅಂಚೆಯಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

“ರೇರಾನೇ ನಮಗೆ ಅವಧಿ ವಿಸ್ತರಿಸಿದೆ” ಎಂಬ ಮಾತಿಗೆ ಸುಮ್ಮನಾಗಬೇಡಿ. ಆ ವಿಸ್ತರಣೆ ಯೋಜನೆಯ ನೋಂದಣಿಗೆ ಸಂಬಂಧಿಸಿದ್ದು. ನಿಮಗೆ ಲೆಕ್ಕ ನಿಮ್ಮ ಕರಾರಿನ ದಿನಾಂಕ. ಕರಾರಿನಲ್ಲಿ ಗ್ರೇಸ್ ಅವಧಿ (ಬಿಲ್ಡರ್‌ಗೆ ಕೊಟ್ಟ ಹೆಚ್ಚುವರಿ ಕಾಲಾವಕಾಶ) ಇದ್ದರೆ ಅದನ್ನು ಕೂಡಿಸಿ ನೋಡಿ. ಹೊಸ ದಿನಾಂಕವಿರುವ ಪೂರಕ ಕರಾರಿಗೆ ಸಹಿ ಹಾಕಿದರೆ ಮಾತ್ರ ನಿಮ್ಮ ಹಳೆಯ ದಿನಾಂಕ ನೀವೇ ಬಿಟ್ಟುಕೊಟ್ಟಂತೆ.

ಮೂಲ ಪತ್ರಗಳನ್ನು, ರದ್ದತಿ ಪತ್ರದ ಸಹಿಯನ್ನು ಹಣ ಖಾತೆಗೆ ಬರುವ ಮೊದಲು ಕೊಡಬೇಡಿ. ಮುಂದಿನ ದಿನಾಂಕದ ಚೆಕ್ಕಿಗಿಂತ ಡಿಡಿ ಅಥವಾ ಆರ್‌ಟಿಜಿಎಸ್ ಮೇಲು. ಚೆಕ್ ತೆಗೆದುಕೊಂಡು ಬೌನ್ಸ್ ಆದರೆ, ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಹೋಗಲೇಬೇಕು. ಗೃಹಸಾಲ ಇದ್ದರೆ ಮರುಪಾವತಿ ಮೊದಲು ಬ್ಯಾಂಕಿಗೆ ಹೋಗುತ್ತದೆ, ಅಲ್ಲಿಯವರೆಗೆ ಇಎಂಐ ನಿಲ್ಲುವುದಿಲ್ಲ.

ಇನ್ನೂ ಬುಕ್ ಮಾಡದವರಿಗೆ: ರೇರಾ ನೋಂದಣಿ ಸಂಖ್ಯೆ ಬರುವ ಮುಂಚೆ ‘ಇಒಐ’ (ಆಸಕ್ತಿ ಇದೆ ಎಂದು ತೋರಿಸುವ ಮುಂಗಡ) ಹೆಸರಿನಲ್ಲಿ ಹಣ ಕೊಡಬೇಡಿ. ನೋಂದಣಿಗೆ ಮೊದಲು ಬುಕಿಂಗ್ ತೆಗೆದುಕೊಳ್ಳುವುದನ್ನೇ ಕಾಯ್ದೆ ನಿಷೇಧಿಸಿದೆ. ನಾಳೆ ವಾಪಸ್ ಕೇಳಿದರೆ “ನಿಮಗೆ ಫ್ಲ್ಯಾಟೇ ಹಂಚಿಕೆಯಾಗಿರಲಿಲ್ಲ” ಎಂಬ ವಾದ ಬರುತ್ತದೆ. ಕರಾರು ನೋಂದಣಿಯಾಗುವ ತನಕ ಶೇ 10ಕ್ಕಿಂತ ಹೆಚ್ಚು ಕೇಳುವಂತೆಯೂ ಇಲ್ಲ.

ಬಿಲ್ಡರ್ ಕೊಡದಿದ್ದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ‘ಫಾರ್ಮ್ ಎನ್’ ದೂರು ಹಾಕಿ. ಕರಾರು, ಪ್ರತಿ ಪಾವತಿಯ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ದಿನಾಂಕವಾರು ಬಡ್ಡಿ ಲೆಕ್ಕದ ಪಟ್ಟಿ ಜೊತೆಗಿರಲಿ. ಆದೇಶ ಬಂದ ಕೂಡಲೇ ಹಣ ಬಂತೆಂದು ಭಾವಿಸಬೇಡಿ. ನಿಜವಾದ ಕಷ್ಟ ಅಲ್ಲಿಂದಲೇ ಶುರು. ಬಿಲ್ಡರ್ ಆದೇಶ ಪಾಲಿಸದಿದ್ದರೆ ವಸೂಲಾತಿ ಪ್ರಮಾಣಪತ್ರಕ್ಕೆ ರೇರಾದಲ್ಲೇ ಅರ್ಜಿ ಹಾಕಬೇಕು. ಅದು ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗಿ, ಭೂಕಂದಾಯ ಬಾಕಿಯಂತೆ ವಸೂಲಾಗಬೇಕು. ಕಡತ ಕೂರುವುದು ಇಲ್ಲೇ. ಬಿಲ್ಡರ್ ಆಸ್ತಿ ಎಲ್ಲಿದೆ ಎಂದು ತಹಶೀಲ್ದಾರ್ ಕಚೇರಿ ಹುಡುಕಲೆಂದು ಕಾಯಬೇಡಿ: ಜಮೀನಿನ ಸರ್ವೆ ನಂಬರ್, ಮಾರಾಟವಾಗದ ಫ್ಲ್ಯಾಟುಗಳ ನಂಬರ್, ಬ್ಯಾಂಕ್ ಖಾತೆಯ ವಿವರ ನೀವೇ ಒದಗಿಸಿ. ಈ ನಡುವೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ವಸೂಲಾತಿ ನಿಲ್ಲುತ್ತದೆ. ಆಗ ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನದೊಳಗೆ ‘ಫಾರ್ಮ್ ಸಿಎ’ಯಲ್ಲಿ (ದಿವಾಳಿ ಪ್ರಕ್ರಿಯೆಯಲ್ಲಿ ಫ್ಲ್ಯಾಟ್ ಖರೀದಿದಾರರು ತುಂಬುವ ಅರ್ಜಿ) ನಿಮಗೆ ಬರಬೇಕಾದ ಹಣದ ಹಕ್ಕು ಸಲ್ಲಿಸಿ. ರೇರಾ ಆದೇಶ ಕೈಯಲ್ಲಿದ್ದರೂ ಇದು ತಪ್ಪುವುದಿಲ್ಲ.