ಭುಜ ತೋರಿಸಲು ಹೋದೆ, ಕುತ್ತಿಗೆ ನೋಡಿದರು: ಜಯನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್

ಗಾಂಧಿಬಜಾರಿನಲ್ಲಿ ಬ್ಲೌಸ್ ಹೊಲಿಯುವವಳು ನಾನು. ಬಲಭುಜ ಊದಿಕೊಂಡಿತ್ತು, ಕೈ ಎತ್ತಿದರೆ ಕಟಕಟ ಸದ್ದು. ವಿಚಿತ್ರ ಅಂದ್ರೆ ಅಷ್ಟು ಊತಕ್ಕೆ ತಕ್ಕ ನೋವೇ ಇಲ್ಲ. ಮೊದಲು ಹೋದ ಕಡೆ (ಹೆಸರು ಬೇಡ) ‘ಫ್ರೋಜನ್ ಶೋಲ್ಡರ್’ (ಭುಜದ ಕೀಲು ಬಿಗಿದುಕೊಳ್ಳೋದು) ಅಂತ ಆರು ವಾರ ಶಾಖ ಕೊಟ್ಟರು. ಮನೆಯಲ್ಲೂ ಬಿಸಿನೀರಿನ ಚೀಲ ಇಟ್ಟುಕೊಂಡೆ. ಚರ್ಮ ಸುಟ್ಟು ಗುಳ್ಳೆ ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ. ನಾದಿನಿ ನೋಡಿ ಕಿರುಚಿದಳು.

ಇಲ್ಲಿಯ ಫಿಸಿಯೋ ಹುಡುಗಿ ಭುಜ ಮುಟ್ಟುವ ಮೊದಲೇ ಆ ಸುಟ್ಟ ಗಾಯದ ಬಗ್ಗೆ ಕೇಳಿದಳು. ಹತ್ತಿ ಸವರಿದಳು, ಗೊತ್ತಾಯಿತು. ತಣ್ಣೀರು, ಬಿಸಿನೀರಿನ ಎರಡು ಗಾಜಿನ ಕೊಳವೆ ಇಟ್ಟಳು. ಶಾಲು ಹೊದ್ದಷ್ಟು ಜಾಗದಲ್ಲಿ, ಎರಡೂ ಭುಜಕ್ಕೆ, ಬಿಸಿಯೂ ತಂಪೂ ಒಂದೇ! “ಅಕ್ಕಾ, ಇದು ಬೆನ್ನುಹುರಿಯದ್ದಿರಬಹುದು, ನಾನು ಮಸಾಜ್ ಮಾಡಲ್ಲ, ನ್ಯೂರಾಲಜಿಸ್ಟ್‌ಗೆ ತೋರಿಸಿ” ಅಂದಳು. ಬರೀ ಕನ್ಸಲ್ಟೇಶನ್ ಫೀಸ್ ತಗೊಂಡಳು.

ಎಂ.ಆರ್.ಐ.ನಲ್ಲಿ ಸಿಕ್ಕಿದ್ದು ಸಿರಿಂಗೋಮೈಲಿಯಾ: ಕುತ್ತಿಗೆಯ ಹತ್ತಿರ ಬೆನ್ನುಹುರಿಯ ಒಳಗೆ ನೀರು ತುಂಬಿದ ಪೊಳ್ಳು. ನೋವು, ಬಿಸಿ-ತಂಪು ಒಯ್ಯುವ ಎಳೆಗಳು ಹುರಿಯ ನಡುವೆ ದಾಟುವುದರಿಂದ ಮೊದಲು ಪೆಟ್ಟು ಅವಕ್ಕೇ. ಸ್ಪರ್ಶದ ಎಳೆಗಳು ಹಿಂಭಾಗದಲ್ಲಿ ಹೋಗುತ್ತವಂತೆ, ಹಾಗಾಗಿ ಉಳಿದಿವೆ. ನೋವು ಎಚ್ಚರಿಸದ ಕೀಲು ತನಗೇ ಗೊತ್ತಿಲ್ಲದೆ ಸವೆಯುತ್ತದೆ.

ದೂರೂ ಇದೆ: ಲಿಫ್ಟ್ ಇಲ್ಲ, ಮೂರನೇ ಮಹಡಿ, ಟೋಕನ್ ತಗೊಂಡರೂ ಒಂದೂವರೆ ಗಂಟೆ ಕಾಯಬೇಕು. ಅದಕ್ಕೇ ಒಂದು ಸ್ಟಾರ್ ಕಡಿಮೆ. ಆಪರೇಷನ್ ಆಯಿತು, ವ್ಯಾಯಾಮಕ್ಕೆ ಇಲ್ಲಿಗೇ ಬರುತ್ತಿದ್ದೇನೆ. ಬಿಸಿನೀರಿನ ಚೀಲ ಮಾತ್ರ ನಾದಿನಿ ಎಲ್ಲೋ ಬಚ್ಚಿಟ್ಟಿದ್ದಾಳೆ.